ಹಳೆಯ ಬೆಳ್ಳಿ ಜಪಸರ ಹಿಡಿದು ಚೋರ್ ಬಜಾರಿಗೆ ಹೊರಟವರೇ, ಎಚ್ಚರ

ಮುಂಬೈಯಲ್ಲಿರುವ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬದವರು ದಯವಿಟ್ಟು ಇದನ್ನು ಓದಿ. ಮನೆಯ ಹಳೆಯ ಜಪಸರ ತುಂಡಾಗಿ ಡಬ್ಬಿಯಲ್ಲಿದೆ, ಶಿಲುಬೆ ಒಂದು ಕಡೆ ಮಣಿ ಒಂದು ಕಡೆ, ಬೆಲೆ ಕಟ್ಟಿಸಿ ಸರಿಪಡಿಸೋಣ ಎಂದು ಯಾರಾದರೂ ಯೋಚಿಸುತ್ತಿದ್ದರೆ ಮನೆಯಿಂದ ಹೊರಡುವ ಮೊದಲೇ ಓದಿ. ನನಗೆ ಒಂದೇ ಅಂಗಡಿಯಲ್ಲಿ, ಒಂದೇ ಮಧ್ಯಾಹ್ನ ಎರಡು ಮೋಸವಾಯಿತು. ಬೆಳ್ಳಿಯಲ್ಲದ್ದನ್ನು ಬೆಳ್ಳಿ ಎಂದು ಕೊಟ್ಟರು. ಬೆಳ್ಳಿಯನ್ನು ಬೆಳ್ಳಿಯಲ್ಲ ಎಂದು ಇಟ್ಟುಕೊಂಡರು.

ಜಪಸರ ನನ್ನ ಅಜ್ಜಿಯದು. ಅವರಿಗೆ ಅದು ಮಂಗಳೂರಿನ ಕಾನ್ವೆಂಟಿನಲ್ಲಿದ್ದ ಸೋದರತ್ತೆಯಿಂದ ಬಂದದ್ದು. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಬಂದಿದ್ದರಲ್ಲ, ಅವರ ಕಡೆಯಿಂದ ಬಂದ ವಸ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ನಮೋ ಮರಿಯಾ ಹೇಳುವ 53 ಮಣಿಗಳೂ ಇದ್ದವು, ಪರಲೋಕ ಮಂತ್ರದ 6 ಮಣಿಗಳೂ ಇದ್ದವು, ಶಿಲುಬೆಯೂ ಇತ್ತು. ಸರಪಳಿಯ ಮೂರು ತುದಿಗಳು ಸೇರುವ ನಡುವಿನ ಪದಕ ಮಾತ್ರ ಕಳೆದುಹೋಗಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ.

ಮುಂಬೈಯ ಹಳೆಯ ಸಾಮಾನಿನ ಪೇಟೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಆ ಅಂಗಡಿಯವನು ಮಖಮಲ್ಲಿನ ಪೆಟ್ಟಿಗೆಯಿಂದ ಮೂರು ಕೊಂಡಿಗಳಿರುವ ಒಂದು ಪದಕ ತೆಗೆದ. ಮುಂದೆ ಮಾತೆ ಮರಿಯಮ್ಮ, ಕೈಗಳಿಂದ ಹೊರಡುವ ಕಿರಣಗಳು. ಹಿಂದೆ ಎಂ ಅಕ್ಷರ, ಅದರ ಮೇಲೆ ಶಿಲುಬೆ, ಕೆಳಗೆ ಎರಡು ಹೃದಯ, ಸುತ್ತ ಹನ್ನೆರಡು ನಕ್ಷತ್ರ. ಮಾತೆಯ ಪಾದದ ಕೆಳಗೆ 1830 ಎಂಬ ಇಸವಿ. ಉಗುರಿನಿಂದ ಅದನ್ನೇ ತೋರಿಸಿ, “ಓದಿ ಮೇಡಂ, ಇಸವಿಯೇ ಇದೆ. ಪ್ಯಾರಿಸಿನ ಮಾಲು. ಇನ್ನೂರು ವರ್ಷ ಆಗುತ್ತಾ ಬಂತು” ಎಂದ. ಆಮೇಲೆ ಅಯಸ್ಕಾಂತ ತಂದು ಪದಕಕ್ಕೆ ತಾಗಿಸಿದ. ಅಂಟಲಿಲ್ಲ. “ಅಸಲಿ ಚಾಂದಿ, ನೋಡಿದಿರಲ್ಲ!” ಎಂದ. ಬೆಲೆ 8,500 ರೂಪಾಯಿ.

ಅಷ್ಟಕ್ಕೇ ಬಿಡಲಿಲ್ಲ. ಅಜ್ಜಿಯ ಶಿಲುಬೆಯನ್ನು ಅಂಗೈಯಲ್ಲಿಟ್ಟು ತೂಗಿದಂತೆ ಮಾಡಿ ಮುಖ ಸಿಂಡರಿಸಿದ. “ಎಷ್ಟು ಕಪ್ಪಾಗಿದೆ ನೋಡಿ. ಅಸಲಿ ಬೆಳ್ಳಿ ಹೀಗಾಗುತ್ತದೆಯೇ? ಇದು ಜರ್ಮನ್ ಸಿಲ್ವರ್. ಆ ಪದಕಕ್ಕೆ ಇದು ಒಪ್ಪುವುದಿಲ್ಲ. ನಿಮಗೆಂದು 500 ಕಡಿಮೆ ಮಾಡುತ್ತೇನೆ, ಇದನ್ನು ಇಲ್ಲಿ ಬಿಡಿ, ಜೋಡಿ ಶಿಲುಬೆ ಪುಕ್ಕಟೆ ಕೊಡುತ್ತೇನೆ.” ಎಷ್ಟು ಪ್ರೀತಿಯಿಂದ ಹೇಳಿದ ಎಂದರೆ, ನೆನೆದರೆ ಈಗಲೂ ಮೈ ಉರಿಯುತ್ತದೆ. 8,000 ರೂಪಾಯಿ ಎಣಿಸಿ ತೆಗೆದುಕೊಂಡ. ಬಿಲ್ ಕೇಳಿದರೆ ಒಂದು ಚೀಟಿಯಲ್ಲಿ ‘ಹಳೆಯ ಸಾಮಾನು’ ಎಂದಷ್ಟೇ ಬರೆದುಕೊಟ್ಟ.

ಪೋಣಿಸಿಕೊಡಲು ಅಂಧೇರಿಯಲ್ಲಿ ನಮಗೆ ಪರಿಚಯದ ಅಕ್ಕಸಾಲಿಗರ ಬಳಿಗೆ ಹೋದೆ. ಜೊತೆಗೆ ಚಿಕ್ಕಮ್ಮನೂ ಇದ್ದರು. ಅಕ್ಕಸಾಲಿಗರು ಪದಕವನ್ನು ತಿರುಗಿಸಿ ನೋಡಿದರು, ಏನೂ ಹೇಳಲಿಲ್ಲ. ಕೊಂಡಿಯ ಅಂಚಿನಲ್ಲಿ ಅರದಿಂದ ಒಂದು ಸಣ್ಣ ಗೀರು ಎಳೆದರು. ಬಿಳಿಯ ಪದರದ ಕೆಳಗೆ ಹಳದಿ ಕಂಡಿತು. ಅದರ ಮೇಲೆ ಆಸಿಡ್ಡಿನ ಒಂದು ಹನಿ ಬಿಟ್ಟರು. ಹನಿ ಅಲ್ಲೇ ಬುರುಗು ಎದ್ದು ಹಸಿರಾಯಿತು. ಹಸಿರು ಎಂದರೆ ಪಾಚಿ ಹಸಿರು. “ಹಿತ್ತಾಳೆ, ಮೇಲೆ ಬೆಳ್ಳಿಯ ನೀರು” ಎಂದರು. ಜೋಡಿ ಶಿಲುಬೆಯ ಮೇಲೆಯೂ ಅದೇ ಹಸಿರು. ಚಿಕ್ಕಮ್ಮ ನನ್ನ ಮುಖ ನೋಡಿದರು. “ಅಜ್ಜಿಯ ಶಿಲುಬೆ ಎಲ್ಲಿ?” ಎಂದು ಕೇಳಿದರು. ಆ ಪ್ರಶ್ನೆಗೆ ಅಲ್ಲಿ ನಿಂತು ಉತ್ತರ ಹೇಳುವಾಗ ಆದ ಅವಮಾನ ಯಾರಿಗೂ ಬೇಡ.

ಅಯಸ್ಕಾಂತದ ನಾಟಕವನ್ನು ಅಕ್ಕಸಾಲಿಗರೇ ಬಿಡಿಸಿ ಹೇಳಿದರು. ಹಿತ್ತಾಳೆಗೂ ಅಯಸ್ಕಾಂತ ಅಂಟುವುದಿಲ್ಲ, ತಾಮ್ರಕ್ಕೂ ಅಂಟುವುದಿಲ್ಲ. ಕಪ್ಪಾಗುವುದು ಬೆಳ್ಳಿಯ ಗುಣ, ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ ಬೆಳ್ಳಿ ಕಪ್ಪಾಗಿಯೇ ಆಗುತ್ತದೆ. ಜರ್ಮನ್ ಸಿಲ್ವರ್ ಎನ್ನುವುದರಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ, ನಿಕ್ಕಲ್, ಸತು ಅಷ್ಟೇ. ಅಂದರೆ ಅಂಗಡಿಯವನು ಪ್ರತಿಯೊಂದು ಮಾತನ್ನೂ ತಿರುಗಿಸಿ ಹೇಳಿದ್ದ, ತಿಳಿದೇ ಹೇಳಿದ್ದ.

ಇನ್ನು 1830. ಅದು ಪದಕ ಮಾಡಿದ ವರ್ಷವೇ ಅಲ್ಲ. ಪ್ಯಾರಿಸಿನಲ್ಲಿ ಸಂತ ಕ್ಯಾಥರೀನ್ ಲಬೂರೆಗೆ ಮಾತೆಯ ದರ್ಶನವಾದ ವರ್ಷ. ಆ ದರ್ಶನದಲ್ಲಿ ಕಂಡಂತೆ ಮಾಡಿದ ಈ ಪದಕಕ್ಕೆ ಪವಾಡ ಪದಕ ಎಂದು ಹೆಸರು. ಮೊದಲ ಪದಕಗಳು ಹೊರಬಂದದ್ದೇ 1832ರಲ್ಲಿ. ಹೋದ ವಾರ ಅಚ್ಚಾದ ಪವಾಡ ಪದಕದ ಮೇಲೂ 1830 ಎಂದೇ ಇರುತ್ತದೆ. ನಮ್ಮದೇ ಭಕ್ತಿಯ ಇಸವಿಯನ್ನು ತೋರಿಸಿ ನಮ್ಮಿಂದಲೇ ಹಣ ಕೀಳುತ್ತಾರೆ!

ಅಜ್ಜಿಯ ಶಿಲುಬೆಯ ಫೋಟೊ ನನ್ನ ಮೊಬೈಲಿನಲ್ಲಿ ಉಳಿದಿತ್ತು. ಹಳೆಯ ನಾಣ್ಯ ಸಂಗ್ರಹಿಸುವ ನಮ್ಮ ಚರ್ಚಿನ ಹಿರಿಯರೊಬ್ಬರು ಅದನ್ನು ದೊಡ್ಡದು ಮಾಡಿ ನೋಡಿದರು. ಶಿಲುಬೆಯನ್ನು ಸರಕ್ಕೆ ಪೋಣಿಸುವ ಪುಟ್ಟ ಬಳೆಯ ಮೇಲೆ ನಾವೆಲ್ಲ ಕೊಳೆ ಎಂದುಕೊಂಡಿದ್ದ ಚುಕ್ಕೆ ಒಂದು ಮುದ್ರೆ. ಕಾಡುಹಂದಿಯ ತಲೆ. 1838ರಿಂದ 1962ರವರೆಗೆ ಪ್ಯಾರಿಸಿನ ಪರೀಕ್ಷಾ ಕಚೇರಿ ಸಣ್ಣ ಬೆಳ್ಳಿ ವಸ್ತುಗಳ ಮೇಲೆ ಒತ್ತುತ್ತಿದ್ದ ಮುದ್ರೆ ಅದು. ಸಾವಿರದಲ್ಲಿ ಕನಿಷ್ಠ 800 ಪಾಲು ಬೆಳ್ಳಿ ಎಂಬ ಖಾತರಿ. ಪ್ಯಾರಿಸಿನ ಬೆಳ್ಳಿಯನ್ನು ಕೊಟ್ಟು ಹಿತ್ತಾಳೆ ತಂದಂತಾಯಿತು. ಅದೂ 8,000 ರೂಪಾಯಿಯ ಜೊತೆಗೆ.

ಮತ್ತೆ ಹೋಗಿ ಕೇಳಿದೆ. ಅವನ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ. “ಪ್ಯಾರಿಸ್ ಎಂದು ನಾನು ಎಲ್ಲಿ ಹೇಳಿದೆ? ಇಸವಿ ಓದಿ ಎಂದೆ, ನೀವು ಓದಿದಿರಿ.” “ಹಳೆಯ ಮಾಲು ಕಣ್ಣಿಗೆ ಕಂಡಂತೆ ಮಾರಾಟ, ವಾಪಸು ಇಲ್ಲ.” “ಆಸಿಡ್ ಹಾಕಿ ಕೆಡಿಸಿ ತಂದಿದ್ದೀರಿ, ನಷ್ಟ ನನಗೆ.” ನಷ್ಟ ಅವನಿಗಂತೆ! ನಮ್ಮ ಶಿಲುಬೆಯನ್ನಾದರೂ ಕೊಡು ಎಂದರೆ, “ಅದು ಕರಗಿಸಲು ಹೋಯಿತು” ಎಂದ. ಅವನು ಹಾಗೆ ಹೇಳುತ್ತಿರುವಾಗಲೇ ಅದು ಅವನ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿತ್ತು. ಉಜ್ಜಿ ಹೊಳಪು ಬರಿಸಿ, ದಾರದಲ್ಲಿ 12,000 ಎಂಬ ಚೀಟಿ ಕಟ್ಟಿದ್ದ. ಬೆರಳು ಮಾಡಿ ತೋರಿಸಿದೆ. ಒಂದು ಚೂರೂ ಅಳುಕಲಿಲ್ಲ. “ಅದು ಬೇರೆ, ಪಾಂಡಿಚೇರಿಯ ಮಾಲು. ಬೇಕಾದರೆ ನಿಮಗೆ 11,000ಕ್ಕೆ.”

ಕೊಳ್ಳುವುದಿದ್ದರೂ ಮಾರುವುದಿದ್ದರೂ ಮೊದಲು ನಿಮ್ಮ ಅಕ್ಕಸಾಲಿಗರಿಂದ ಒರೆ ಹಚ್ಚಿಸಿ, ಪರೀಕ್ಷೆಗೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಬಳೆ, ಕೊಂಡಿ, ಶಿಲುಬೆಯ ಬೆನ್ನು, ಇವುಗಳನ್ನು ಭೂತಗನ್ನಡಿಯಲ್ಲಿ ನೋಡಿ. 925, 800, ಸ್ಟರ್ಲಿಂಗ್ ಎಂದಿದ್ದರೆ ಅದು ಲೋಹದ ಮಾತು, ಸಾವಿರದಲ್ಲಿ ಎಷ್ಟು ಪಾಲು ಬೆಳ್ಳಿ ಎಂಬ ಗುರುತು. ಇಟಲಿ, ರೋಮಾ ಎಂದಿದ್ದರೆ ಊರಿನ ಮಾತು ಮಾತ್ರ. ಸಣ್ಣ ಶಿಲುಬೆಯಲ್ಲಿ ಬೆಳ್ಳಿಯ ತೂಕ ಕೆಲವೇ ಗ್ರಾಂ, ಹಣವಿರುವುದು ಮುದ್ರೆಯಲ್ಲಿ, ಹಳೆಯ ಕೆಲಸದಲ್ಲಿ; ಬರೀ ತೂಕದ ಮಾತಾಡುವವನಿಗೆ ಕೊಡಲೇಬೇಡಿ. ಬಿಲ್ಲಿನಲ್ಲಿ ‘ಬೆಳ್ಳಿ’ ಎಂಬ ಪದ, ಶುದ್ಧತೆ, ತೂಕ ಬರೆಸಿ. ಅದಿಲ್ಲದೆ ಗ್ರಾಹಕ ಸಹಾಯವಾಣಿಗೆ (ಸಂಖ್ಯೆ 1915) ದೂರು ಕೊಡುವುದು ಎಷ್ಟು ಕಷ್ಟ ಎಂದು ಈಗ ಅನುಭವಿಸುತ್ತಿದ್ದೇನೆ.

ನಮ್ಮ ಶಿಲುಬೆ ಕಿರುಬೆರಳಿನಷ್ಟು ಉದ್ದ. ತುದಿಗಳಲ್ಲಿ ಪುಟ್ಟ ಗುಂಡುಗಳಿವೆ, ಎಡಗಡೆಯದು ಬಡಿದು ಚಪ್ಪಟೆಯಾಗಿದೆ. ಕ್ರಿಸ್ತನ ಪಾದಗಳು ಬೆರಳು ತಾಗಿ ತಾಗಿ ಸವೆದು ನುಣುಪಾಗಿವೆ. ಮಟನ್ ಸ್ಟ್ರೀಟಿನಲ್ಲಿಯೋ ಮೊಬೈಲಿನ ಮಾರಾಟದ ಗುಂಪುಗಳಲ್ಲಿಯೋ ಪಾಂಡಿಚೇರಿಯದು ಎಂದು ಯಾರಾದರೂ ತೋರಿಸಿದರೆ ದಯವಿಟ್ಟು ಕೊಳ್ಳಬೇಡಿ. ಫೋಟೊ ತೆಗೆದು ತಕ್ಷಣ ನನಗೆ ಕಳುಹಿಸಿ.