ಹಂಪನಕಟ್ಟೆಯಲ್ಲಿ ಲಿನಕ್ಸ್ ಬಲ್ಲ ಒಂದು ದುರಸ್ತಿ ಅಂಗಡಿ
ಮಂಗಳೂರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ಕಂಪ್ಯೂಟರನ್ನು ದುರಸ್ತಿಗೆ ಒಯ್ದರೆ ವಿಂಡೋಸ್ ಹಾಕಿಕೊಡುತ್ತೇವೆ ಎನ್ನುವವರೇ ಹೆಚ್ಚು. ಹಂಪನಕಟ್ಟೆಯ ಈ ಪುಟ್ಟ ಅಂಗಡಿಯವರು ಹಾಗಲ್ಲ. ನನ್ನ ಹಾರ್ಡ್ ಡಿಸ್ಕ್ ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತಿದ್ದುದಕ್ಕೆ ಡ್ರೈವರ್, ಅಂದರೆ ಯಂತ್ರಭಾಗವನ್ನು ನಡೆಸುವ ತಂತ್ರಾಂಶದ, ದೋಷವೇ ಕಾರಣವೆಂದು ಬೇರೊಂದು ಕಡೆ ಹೇಳಿದ್ದರು. ಇಲ್ಲಿನ ತಂತ್ರಜ್ಞರು ಮೊದಲು ದತ್ತಾಂಶದ ನಕಲು ತೆಗೆದಿಟ್ಟು, ಲಿನಕ್ಸ್‌ನ ತಿರುಳಾದ ಕರ್ನೆಲ್ ದಾಖಲಿಸಿದ ಸಂದೇಶಗಳನ್ನು ಸಾಲುಸಾಲಾಗಿ ಓದಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಅಂಶವಾದ ಸಿಆರ್‌ಸಿ ದೋಷಗಳ (ಸಾಗುವಾಗ ದತ್ತಾಂಶ ಕೆಟ್ಟ ಸಲಗಳ) ಎಣಿಕೆ ಏರುತ್ತಿರುವುದನ್ನೂ ಡಿಸ್ಕಿನ ತಟ್ಟೆಯ ಮೇಲೆ ಕೆಟ್ಟುಹೋದ ಸೆಕ್ಟರ್‌ಗಳ, ಅಂದರೆ ದತ್ತಾಂಶ ಬರೆಯುವ ತುಣುಕುಗಳ, ಎಣಿಕೆ ಸೊನ್ನೆಯಲ್ಲೇ ಇರುವುದನ್ನೂ ಪರದೆಯ ಮೇಲೆ ತೋರಿಸಿದರು. ಅಂದರೆ ಡ್ರೈವರ್ ಅಲ್ಲ, ಡಿಸ್ಕಿನ ತಟ್ಟೆಯೂ ಅಲ್ಲ, ದತ್ತಾಂಶ ಸಾಗುವ ದಾರಿಯಲ್ಲೇ ತೊಂದರೆ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಾಯಿಸಿದ ಮೇಲೆ ಎಣಿಕೆ ಏರುವುದು ನಿಂತಿತು. ಅದು ಸೊನ್ನೆಗೆ ಮರಳದು, ಏರದಿದ್ದರೆ ಸಾಕೆಂದು ತಾಳ್ಮೆಯಿಂದ ವಿವರಿಸಿದರು. ಕಾಯುವವರಿಗೆ ಕೂರಲು ಜಾಗವಿಲ್ಲ. ಆದರೆ ಪರೀಕ್ಷೆಯ ಶುಲ್ಕವನ್ನು ಮೊದಲೇ ತಿಳಿಸುತ್ತಾರೆ, ಹಳೆಯ ಕೇಬಲನ್ನು ಕೇಳದೆಯೇ ಹಿಂದಿರುಗಿಸುತ್ತಾರೆ.