ಚಿಕ್ಕಬಳ್ಳಾಪುರದಲ್ಲಿ ಗೇರ್ ಸೆಟ್ಟಿಂಗ್: ಬಿ.ಬಿ. ರಸ್ತೆಯ ಹಿಂದಿನ ಓಣಿಯ ಸೈಕಲ್ ಅಂಗಡಿ

ನಂದಿ ಬೆಟ್ಟದ ಎತ್ತರ 1,478 ಮೀಟರ್. ಆ ಏರಿನ ನಡುವೆ ಗೇರು ಬೀಳದೆ ಹೋದರೆ ಏನಾಗುತ್ತದೆ ಎಂಬುದು ಅಲ್ಲಿ ಸೈಕಲ್ ತುಳಿದವರಿಗೆ ಗೊತ್ತು: ಇಳಿದು ತಳ್ಳಬೇಕಾಗುತ್ತದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಮುಂದೆ 3 ಹಿಂದೆ 8 ಗೇರುಗಳಿರುವ ನನ್ನ ಸೈಕಲ್ಲಿನಲ್ಲಿ ಚೈನು ನಾಲ್ಕನೆಯ ಗೇರಿಗೂ ಐದನೆಯದಕ್ಕೂ ನಡುವೆ ಕಟಕಟನೆ ಸದ್ದು ಮಾಡುತ್ತ ಯಾವುದರಲ್ಲೂ ನೆಲೆ ನಿಲ್ಲದಂತಾಯಿತು. ಬೇರೊಂದು ಊರಿನ ಅಂಗಡಿಯಲ್ಲಿ ತೋರಿಸಿದಾಗ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್‌ನ ಎರಡು ಸ್ಕ್ರೂಗಳನ್ನು ಆ ಕಡೆ ಈ ಕಡೆ ತಿರುಗಿಸಿ ಐದೇ ನಿಮಿಷದಲ್ಲಿ ಸೈಕಲ್ ಕೈಗೆ ಕೊಟ್ಟರು. ಮರುದಿನ ಏರಿನಲ್ಲಿ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದೊಡನೆ ಚೈನು ಅದನ್ನೂ ದಾಟಿ ಕಡ್ಡಿಗಳ ಮೇಲೆ ಬಿತ್ತು. ನಿಧಾನವಾಗಿ ಹೋಗುತ್ತಿದ್ದುದರಿಂದ ಎರಡು ಕಡ್ಡಿಗಳಿಗೆ ಗೀರು ಬಿದ್ದದ್ದಷ್ಟೇ ನಷ್ಟವಾಯಿತು.

ಆ ಎರಡು ಸ್ಕ್ರೂಗಳು ಇರುವುದು ಸದ್ದು ನಿಲ್ಲಿಸುವುದಕ್ಕಲ್ಲ. ಅವು ಡಿರೇಲರ್‌ನ ಓಡಾಟಕ್ಕೆ ಹಾಕಿದ ಎಲ್ಲೆಗಳು. ಎಚ್ ಎಂದು ಗುರುತಿರುವ ಸ್ಕ್ರೂ ಚೈನು ಅತಿ ಚಿಕ್ಕ ಚಕ್ರವನ್ನು ದಾಟಿ ಹೊರಗೆ ಬೀಳದಂತೆಯೂ, ಎಲ್ ಎಂದಿರುವ ಸ್ಕ್ರೂ ದೊಡ್ಡ ಚಕ್ರವನ್ನು ದಾಟಿ ಕಡ್ಡಿಗಳ ಕಡೆ ಹೋಗದಂತೆಯೂ ತಡೆಯುತ್ತವೆ. ನಡುವಿನ ಗೇರುಗಳಲ್ಲಿ ಚೈನು ತಡವರಿಸುತ್ತಿದ್ದರೆ ನೋಡಬೇಕಾದದ್ದು ಕೇಬಲ್ಲಿನ ಬಿಗಿತವನ್ನು ಮತ್ತು ಡಿರೇಲರನ್ನು ಫ್ರೇಮಿಗೆ ಜೋಡಿಸುವ ಕೊಂಡಿಯಾದ ಹ್ಯಾಂಗರನ್ನು.

ಇದನ್ನು ಬಲ್ಲವರು ನಮ್ಮ ಊರಿನಲ್ಲೇ ಇದ್ದಾರೆ ಎಂದು ಸ್ನೇಹಿತರು ಹೇಳಿದ ಮೇಲೆ ಬಿ.ಬಿ. ರಸ್ತೆಯ ಹಿಂದಿನ ಓಣಿಯ ಈ ಅಂಗಡಿಗೆ ಹೋದೆ. ಹೊರಗಿನಿಂದ ನೋಡಿದರೆ ಸಾಧಾರಣ ಪಂಕ್ಚರ್ ಅಂಗಡಿ. ನನಗಿಂತ ಮುಂದೆ ಹೂವಿನ ಮೂಟೆ ಸಾಗಿಸುವ ಹಳೆಯ ಗೇರಿಲ್ಲದ ಸೈಕಲ್ಲೊಂದು ಸರದಿಯಲ್ಲಿ ನಿಂತಿತ್ತು, ಅದರ ಕೆಲಸ ಮುಗಿಸಿದ ನಂತರವೇ ನನ್ನದನ್ನು ಕೈಗೆತ್ತಿಕೊಂಡರು. ಆ ಕ್ರಮ ನನಗೆ ಸರಿಯೆನಿಸಿತು.

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿಕೊಂಡು, ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಹಲ್ಲುಚಕ್ರಗಳಿಗೆ ನೇರವಾಗಿವೆಯೇ ಎಂದು ನೋಡಿದರು. "ಸರ್, ಸೈಕಲ್ ಬಲಗಡೆಗೆ ಬಿದ್ದಿತ್ತಾ?" ಎಂದು ಕೇಳಿದರು. ಬಿದ್ದಿತ್ತು. ಡಿರೇಲರ್ ಬಿಚ್ಚಿ, ಅದೇ ತೂತಿಗೆ ಉದ್ದನೆಯ ತೋಳಿನ ಅಳತೆ ಸಲಕರಣೆಯನ್ನು ತಿರುಗಿಸಿ ಕೂರಿಸಿ, ಚಕ್ರದ ರಿಮ್ಮಿನ ನಾಲ್ಕು ಕಡೆ ಅದರ ತುದಿಯನ್ನು ಹಿಡಿದು ತೋರಿಸಿದರು. ಮುಂದುಗಡೆ ರಿಮ್ಮಿಗೆ ತಾಗುತ್ತಿದ್ದ ತುದಿ ಹಿಂದುಗಡೆ ಬೆರಳು ತೂರುವಷ್ಟು ದೂರವಿತ್ತು. ಹ್ಯಾಂಗರ್ ಮೆತ್ತನೆಯ ಅಲ್ಯೂಮಿನಿಯಮ್ಮಿನದು. ಬಿದ್ದಾಗ ಫ್ರೇಮು ಉಳಿದು ತಾನು ಬಾಗಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಅದನ್ನು ಅದೇ ತೋಳಿನಿಂದ ಸ್ವಲ್ಪಸ್ವಲ್ಪವೇ ಎಳೆದು, ಪ್ರತಿ ಎಳೆತಕ್ಕೂ ನಾಲ್ಕು ಕಡೆ ಅಳೆದು ನೇರ ಮಾಡಿದರು.

ಆಮೇಲೆ ಕೇಬಲ್ಲಿನ ಸರದಿ. ಹಿಂಬದಿಯ ಔಟರ್ (ವೈರಿನ ಹೊರಕೊಳವೆ) ತುಂಡಿನಿಂದ ಒಳವೈರನ್ನು ಎಳೆದು ಬೆರಳುಗಳ ನಡುವೆ ಹಾಯಿಸಿದಾಗ ಬೆರಳಿಗೆ ತುಕ್ಕಿನ ಕಂದು ನೀರು ಅಂಟಿತು. ಮಳೆಯ ನೀರು ಒಳಗೆ ನಿಂತಿದ್ದರಿಂದ ವೈರು ಸರಾಗವಾಗಿ ಹಿಂದಕ್ಕೆ ಜಾರುತ್ತಿರಲಿಲ್ಲ, ಆದ್ದರಿಂದಲೇ ಚಿಕ್ಕ ಚಕ್ರಕ್ಕೆ ಇಳಿಯುವಾಗ ಚೈನು ತಡಮಾಡುತ್ತಿತ್ತು. 1.2 ಮಿ.ಮೀ. ದಪ್ಪದ ಹೊಸ ವೈರು ಮತ್ತು ಹೊಸ ಔಟರ್ ಹಾಕಿ, ಚೈನು ಅತಿ ಚಿಕ್ಕ ಚಕ್ರದಲ್ಲಿರುವಾಗ ವೈರನ್ನು ಎಳೆದು ಬಿಗಿದರು. ಎಚ್ ಮತ್ತು ಎಲ್ ಎಲ್ಲೆಗಳನ್ನು ಹೊಸದಾಗಿ ಕೂರಿಸಿದ ಮೇಲೆ, ಕೇಬಲ್ ಡಿರೇಲರನ್ನು ಸೇರುವ ಜಾಗದಲ್ಲಿ ಬಿಗಿತ ಹೊಂದಿಸುವ ತಿರುಪಾದ ಬ್ಯಾರಲ್ ಅಡ್ಜಸ್ಟರನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸುತ್ತ ಪೆಡಲ್ ಆಡಿಸಿ ಸದ್ದು ಕೇಳಿದರು. ದೊಡ್ಡ ಚಕ್ರಕ್ಕೆ ಏರಲು ಚೈನು ಹಿಂಜರಿದರೆ ಕೇಬಲ್ ಸಡಿಲವಾಗಿದೆ, ಚಿಕ್ಕದಕ್ಕೆ ಇಳಿಯಲು ಹಿಂಜರಿದರೆ ಬಿಗಿ ಹೆಚ್ಚಾಗಿದೆ ಎಂದು ನನ್ನ ಕೈಯಲ್ಲೇ ತಿರುಗಿಸಿ ಕಲಿಸಿಕೊಟ್ಟರು. ಇಷ್ಟು ತಾಳ್ಮೆಯಿಂದ ಗಿರಾಕಿಗೆ ಹೇಳಿಕೊಡುವವರನ್ನು ನಾನು ಹೆಚ್ಚು ಕಂಡಿಲ್ಲ. ಮುಂದಿನ ಡಿರೇಲರ್‌ಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ನನಗೆ ಬಹಳ ಮೆಚ್ಚುಗೆಯಾದದ್ದು ಕೊನೆಯ ಪರೀಕ್ಷೆ. ಸ್ಟ್ಯಾಂಡಿನ ಮೇಲೆ ಚೈನಿಗೆ ಭಾರವಿರುವುದಿಲ್ಲವಾದ್ದರಿಂದ ಅಲ್ಲಿ ಸರಿಯಾಗಿ ಕಂಡದ್ದು ರಸ್ತೆಯಲ್ಲಿ ತಪ್ಪಬಹುದು. ಆದುದರಿಂದ ಓಣಿಯ ಏರನ್ನು ನಾನೇ ತುಳಿದು ಎಲ್ಲ ಗೇರುಗಳನ್ನೂ ಹಾಕಿ ನೋಡಿ ಬರಬೇಕೆಂದರು. ಎರಡನೆಯ ಸಲ ಹೋಗಿಬಂದ ಮೇಲೆ ಇನ್ನೂ ಕಾಲು ಸುತ್ತು ಬಿಗಿದರು. ಕೂಲಿ 300 ರೂಪಾಯಿ, ವೈರು ಮತ್ತು ಔಟರ್‌ಗೆ 280 ರೂಪಾಯಿ ಆಯಿತು. ಒಂದೂವರೆ ಗಂಟೆಯ ಕೆಲಸಕ್ಕೆ ಈ ಕೂಲಿ ಕಡಿಮೆಯೇ.

ಕೊರತೆಗಳೂ ಇವೆ. ಏನು ಮಾಡಿದರೆಂಬುದನ್ನು ಬರೆದ ಬಿಲ್ಲು ಸಿಗುವುದಿಲ್ಲ. ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವವರ ಸೈಕಲ್‌ಗಳು ಭಾನುವಾರ ಬೆಳಿಗ್ಗೆ ಬಾಗಿಲ ತುಂಬ ಇರುತ್ತವೆ, ಅಂದು ಈ ಸಾವಧಾನವನ್ನು ನಿರೀಕ್ಷಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಿಡಿ ಹ್ಯಾಂಗರ್‌ಗಳನ್ನು ಅವರು ಇಟ್ಟುಕೊಂಡಿಲ್ಲ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ ಹ್ಯಾಂಗರ್ ಇರುವುದರಿಂದ ಇದಕ್ಕೆ ಅವರನ್ನು ದೂರುವಂತಿಲ್ಲವಾದರೂ, ಒಮ್ಮೆ ಬಾಗಿ ನೇರವಾದ ಹ್ಯಾಂಗರ್ ಮತ್ತೆ ಬಾಗಿದರೆ ಮುರಿಯುವ ಸಂಭವವಿದೆ. ನಿಮ್ಮ ಸೈಕಲ್ಲಿಗೆ ಹೊಂದುವ ಒಂದನ್ನು ಮೊದಲೇ ತರಿಸಿಕೊಂಡು ಹೋಗುವುದು ಒಳ್ಳೆಯದು.

ಹೊಸ ಕೇಬಲ್ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುತ್ತದೆ, ಎರಡು ವಾರ ಬಿಟ್ಟು ಬನ್ನಿ, ದುಡ್ಡು ಬೇಡ ಎಂದಿದ್ದರು. ಅದಕ್ಕೆ ಮುಂಚೆಯೇ ನಂದಿ ಬೆಟ್ಟದ ಅರ್ಧ ಏರಿನಲ್ಲಿ ಐದನೆಯ ಗೇರಿನ ಸದ್ದು ಸಣ್ಣಗೆ ಶುರುವಾದಾಗ ರಸ್ತೆಯಂಚಿಗೆ ನಿಲ್ಲಿಸಿ ಬ್ಯಾರಲ್ಲನ್ನು ಕಾಲು ಸುತ್ತು ಬಿಗಿದೆ. ತುದಿಯವರೆಗೂ ಚೈನು ಸದ್ದಿಲ್ಲದೆ ಓಡಿತು.