ಹೀಟ್ ಪಂಪ್ ಹಾಕಿಸುವವರೇ, ಬರೀ ಟನ್ ಲೆಕ್ಕ ನೋಡಿ ಸಹಿ ಮಾಡಬೇಡಿ

ಬಾಸ್ಟನ್ ಸುತ್ತಮುತ್ತ ಮನೆ ತಗೊಂಡು, ಹಳೇ ಆಯಿಲ್ ಫರ್ನೇಸ್ ತೆಗೆಸಿ ಹೀಟ್ ಪಂಪ್ ಹಾಕಿಸಬೇಕು ಅಂತಿರುವ ಕನ್ನಡದವರಿಗೆ ಇದನ್ನು ಬರೆಯುತ್ತಿದ್ದೇನೆ. ಹೀಟ್ ಪಂಪ್ ಅಂದರೆ ಚಳಿಗಾಲದಲ್ಲಿ ಹೊರಗಿನ ಗಾಳಿಯ ಶಾಖ ಒಳಗೆಳೆದು ಮನೆ ಬಿಸಿ ಮಾಡುವ, ಬೇಸಿಗೆಯಲ್ಲಿ ಎಸಿ ಹಾಗೆ ತಂಪು ಮಾಡುವ ಕರೆಂಟ್ ಮೆಷಿನ್. ನಾವು 18,000 ಡಾಲರ್ ಕೊಟ್ಟು ನಮ್ಮ ಮನೆಗೆ ಹೊಂದದ ಮೆಷಿನ್ ಕೂರಿಸಿಕೊಂಡಿದ್ದೇವೆ. ನಿಮಗೆ ಹಾಗಾಗುವುದು ಬೇಡ.

ನೋಡಲು ಬಂದ ಕಾಂಟ್ರಾಕ್ಟರ್ ಮನೆಯಲ್ಲಿ ಇದ್ದಿದ್ದು ಹದಿನೈದೇ ನಿಮಿಷ. ಎಷ್ಟು ಚದರಡಿ ಅಂತ ಕೇಳಿದರು, 2,000 ಅಂದೆ. ಅಟ್ಟ ಹತ್ತಿ ನೋಡಲಿಲ್ಲ, ಕಿಟಕಿ ಕಡೆ ತಿರುಗಲಿಲ್ಲ. ನಾಲ್ಕು ಟನ್ ಹಾಕಿದರೆ ಚಳಿಗೂ ಸಾಕು, ಸೆಕೆಗೂ ಸಾಕು ಅಂದರು. ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅಂತ ನಾವೂ ಒಪ್ಪಿಬಿಟ್ಟೆವು.

ಜನವರಿ ಕರೆಂಟ್ ಬಿಲ್ಲು ಬಂತು. 3,300 ಯೂನಿಟ್. ಇಲ್ಲಿ ಯೂನಿಟ್‌ಗೆ ಸುಮಾರು 30 ಸೆಂಟ್, ಅಂದರೆ 990 ಡಾಲರ್! ಮೀಟರ್ ಕೆಟ್ಟಿದೆ ಅಂದುಕೊಂಡೆ. ಒಂದು ದಿನ ಬೆಳಗಿನ ಜಾವ ನೀರು ಕುಡಿಯಲು ಕೆಳಗಿಳಿದಾಗ ಥರ್ಮೋಸ್ಟಾಟ್ ಕಡೆ ಕಣ್ಣು ಹೋಯಿತು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಆಕ್ಸ್ ಹೀಟ್', ಅಂದರೆ ಹೆಚ್ಚುವರಿ ಶಾಖ, ಅಂತ ಉರಿಯುತ್ತಿತ್ತು. ನಮ್ಮ ಮೆಷಿನ್ನಿನ ಒಳಗಿನ ಯೂನಿಟ್‌ನಲ್ಲಿ 10 ಕಿಲೋವ್ಯಾಟ್‌ನ ಕರೆಂಟ್ ಕಾಯಿಲ್ ಇದೆ, ಅದು ಓಡುತ್ತಿದೆ ಅಂತ ಅದರ ಅರ್ಥ. ಊರಲ್ಲಿ ಬಕೆಟ್ ನೀರಿಗೆ ಇಳಿಬಿಡುತ್ತಿದ್ದೆವಲ್ಲ, ಅಂಥ ಒಂದು ಕಿಲೋವ್ಯಾಟ್ ಕಾಯಿಲ್ ಹತ್ತು ಒಟ್ಟಿಗೆ ಹಚ್ಚಿದ ಹಾಗೆ. ಗಂಟೆಗೆ ಮೂರು ಡಾಲರ್.

ಆಮೇಲೆ ಬೇರೆ ಟೆಕ್ನೀಶಿಯನ್ ಕರೆಸಿದೆವು. ಅವರು ಅರ್ಧ ದಿನ ಕೂತು ಗೋಡೆ, ಕಿಟಕಿ, ಅಟ್ಟದ ಇನ್ಸುಲೇಷನ್ ಎಲ್ಲ ಅಳೆದು ಲೆಕ್ಕ ಹಾಕಿದರು. ಮನೆಗೆ ಎಷ್ಟು ಶಾಖ, ಎಷ್ಟು ತಂಪು ಬೇಕು ಅನ್ನುವ ಈ ಲೋಡ್ ಲೆಕ್ಕಕ್ಕೆ 'ಮ್ಯಾನ್ಯುಯಲ್ ಜೆ' ಅನ್ನುತ್ತಾರೆ. ಮೊದಲೇ ಆಗಬೇಕಿದ್ದ ಕೆಲಸ ಅದು. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಅಳತೆ), ನಾಲ್ಕು ಟನ್ ಅಂದರೆ 48,000. ಆದರೆ ಟನ್ ಅನ್ನುವುದು ತಂಪು ಮಾಡುವ ಲೆಕ್ಕ. ಬಿಸಿ ಮಾಡುವ ಶಕ್ತಿಯನ್ನು ದೊಡ್ಡದಾಗಿ ಹಾಕುವುದು ಹೊರಗೆ 47 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 8 ಸೆಲ್ಸಿಯಸ್ ಇದ್ದಾಗ ಎಷ್ಟು ಅಂತ. ಅದೇನು ಚಳಿ? ಹೊರಗೆ 5 ಡಿಗ್ರಿಗೆ, ಅಂದರೆ ಮೈನಸ್ 15 ಸೆಲ್ಸಿಯಸ್‌ಗೆ ಇಳಿದಾಗ ನಮ್ಮ ಮೆಷಿನ್ ಕೊಡುವುದು ಬರೀ 22,000. ಮನೆಗೆ ಬೇಕಿರುವುದು 36,000. ಉಳಿದಿದ್ದನ್ನೆಲ್ಲ ಕಾಯಿಲ್ ತುಂಬಬೇಕು. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್ ಶಾಖ ಕೊಡುತ್ತದೆ, ಕಾಯಿಲ್ ಒಂದಕ್ಕೆ ಒಂದೇ.

ಬೇಸಿಗೆಯಲ್ಲಿ ಇದರ ಉಲ್ಟಾ. ತಂಪಿಗೆ ನಮಗೆ ಎರಡೂವರೆ ಟನ್ ಸಾಕಿತ್ತು. ಮೆಷಿನ್ ಆರೇಳು ನಿಮಿಷ ಓಡಿ ನಿಂತುಬಿಡುತ್ತಿತ್ತು. ತುಂಬ ಹೊತ್ತು ಓಡಿದರೆ ತಾನೇ ಗಾಳಿಯ ತೇವ ಹೋಗುವುದು? ಅಮ್ಮ ಊರಿಂದ ತಂದಿದ್ದ ಚಕ್ಕುಲಿ ಎರಡೇ ದಿನಕ್ಕೆ ಮೆತ್ತಗಾಯಿತು. "ಮನೆ ತಣ್ಣಗಿದೆ ಕಣೋ, ಆದ್ರೆ ಮಳೆಗಾಲದ ಹಾಗೆ ಜಿಗುಟು" ಅಂದರು. ಅದೇ ಸರಿಯಾದ ಮಾತು.

ಅದಕ್ಕೇ ಹೇಳುತ್ತಿದ್ದೇನೆ, ಕೊಟೇಶನ್ ಕೊಟ್ಟವರ ಹತ್ತಿರ ಮೊದಲು ಲೋಡ್ ಲೆಕ್ಕದ ಕಾಗದ ಕೇಳಿ. ಅನುಭವದ ಮೇಲೆ ಹೇಳ್ತೀವಿ ಅಂದರೆ ಬೇರೆಯವರನ್ನು ನೋಡಿ. ಮಾಡೆಲ್ ನಂಬರ್ ಬರೆದುಕೊಂಡು 'ನೀಪ್' (NEEP) ಅನ್ನುವ ಇಂಧನ ಉಳಿತಾಯದ ಸಂಸ್ಥೆ ಇಟ್ಟಿರುವ, ಚಳಿಗೆ ಹೊಂದುವ ಹೀಟ್ ಪಂಪ್‌ಗಳ ಪಟ್ಟಿಯಲ್ಲಿ ಹುಡುಕಿ. 47, 17, 5 ಡಿಗ್ರಿಯಲ್ಲಿ ಎಷ್ಟೆಷ್ಟು ಶಾಖ ಕೊಡುತ್ತದೆ ಅಂತ ಅಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ಮನೆಗೆ ಕಡು ಚಳಿಗೆಂದೇ ಮಾಡಿದ, ವೇಗ ಹೆಚ್ಚು ಕಡಿಮೆ ಮಾಡಿಕೊಂಡು ಓಡುವ ಮೂರು ಟನ್ನಿನ ಮೆಷಿನ್ ಸರಿಹೋಗುತ್ತಿತ್ತು. ಹೊರಗಿನ ಯೂನಿಟ್ ನೆಲಕ್ಕೆ ಇಡಿಸಬೇಡಿ, ಹಿಮ ಮುಚ್ಚದಷ್ಟು ಎತ್ತರದ ಸ್ಟ್ಯಾಂಡ್ ಕೇಳಿ. ಚಳಿಯಲ್ಲಿ ಆಗಾಗ ಅದರಿಂದ ಹಬೆ ಏಳುತ್ತದೆ. ಗಾಬರಿ ಬೇಡ, ಅದು ಮೈಮೇಲಿನ ಮಂಜು ಕರಗಿಸಿಕೊಳ್ಳುತ್ತಿರುತ್ತದೆ.

ನಮಗೆ ಈಗ ಇನ್ನೊಂದು ಮೆಷಿನ್ ಹಾಕಿಸುವಷ್ಟು ಶಕ್ತಿಯಿಲ್ಲ. ಅಟ್ಟಕ್ಕೆ ಇನ್ಸುಲೇಷನ್ ತುಂಬಿಸಿದೆವು. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋಗುವ ತನಕ ಕಾಯಿಲ್ ಹತ್ತದಂತೆ ಥರ್ಮೋಸ್ಟಾಟ್‌ನಲ್ಲಿ ಸೆಟ್ ಮಾಡಿಸಿದೆವು. ರಾತ್ರಿ ಕಡಿಮೆ ಮಾಡಿ ಬೆಳಿಗ್ಗೆ ಒಮ್ಮೆಲೇ ಜಾಸ್ತಿ ಮಾಡುತ್ತಿದ್ದುದನ್ನೂ ಬಿಟ್ಟೆವು, ಹಾಗೆ ಮಾಡಿದಾಗಲೇ ಕಾಯಿಲ್ ಓಡಿಬರುತ್ತಿತ್ತು. ಬಿಲ್ಲು ಇಳಿದಿದೆ. ಚಕ್ಕುಲಿ ಡಬ್ಬಿಯ ಮುಚ್ಚಳ ಮಾತ್ರ ಇನ್ನೂ ಬಿಗಿಯಾಗಿ ಹಾಕಿಡಬೇಕು.